ಕೇಳಿ ತುಂಬುವ ಫಾರ್ಮ್ ಮಾಡುವುದು ಹೇಗೆ?

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಫಾರ್ಮ್ ಹೊಸದಲ್ಲ. ಖಾತೆ ತೆರೆಯುವ ಅರ್ಜಿ, ಚಲನ್, ವೋಚರ್, ಕೆವೈಸಿ ನಮೂನೆ ಇವೆಲ್ಲ ನಮ್ಮ ಪಾಠದಲ್ಲೇ ಬರುತ್ತವೆ. ಕಾಲೇಜಿನಲ್ಲಿ ಕ್ರೀಡಾಕೂಟವೋ ಪ್ರವಾಸವೋ ಇದ್ದರೆ ನೋಂದಣಿ ಫಾರ್ಮ್ ಟೈಪ್ ಮಾಡುವ ಕೆಲಸ ಹೆಚ್ಚಾಗಿ ನಮ್ಮ ಸಿಇಬಿಎ ತರಗತಿಗೇ ಬೀಳುತ್ತದೆ. ಅರ್ಧ ಗಂಟೆಯ ಕೆಲಸ. ಹೆಸರು, ಅದರ ಮುಂದೆ ಒಂದು ಗೆರೆ. ತಂದೆಯ ಹೆಸರು, ಮುಂದೆ ಇನ್ನೊಂದು ಗೆರೆ. ಮೂಲೆಯಲ್ಲಿ ಫೋಟೋಗೆ ಒಂದು ಚೌಕ. ನೋಡಲು ಚೆನ್ನಾಗಿರುತ್ತದೆ.

ಅದೇ ಫೈಲನ್ನು ಕಣ್ಣು ಕಾಣದ ಒಬ್ಬರಿಗೆ ಕಳಿಸಿದರೆ ಅವರು ತಾವೇ ತುಂಬಿ ವಾಪಸು ಕಳಿಸಬಲ್ಲರೇ? ನಾವು ಸಾಮಾನ್ಯವಾಗಿ ಮಾಡುವ ಫಾರ್ಮ್ ಆದರೆ ಆಗುವುದಿಲ್ಲ. ಆಗುವಂತೆ ಮಾಡುವುದು ಕಷ್ಟವೂ ಅಲ್ಲ, ಅದಕ್ಕೆ ಖರ್ಚೂ ಇಲ್ಲ. ಅದನ್ನು ಹಂತ ಹಂತವಾಗಿ ತಿಳಿಸುವುದೇ ಈ ಪಾಠದ ಉದ್ದೇಶ. ಫಾರ್ಮಿನಲ್ಲಿ ತುಂಬಬೇಕಾದ ಜಾಗವನ್ನು ನಾವೆಲ್ಲ ಕಾಲಂ ಅನ್ನುತ್ತೇವೆ. ಇಲ್ಲೂ ಅದೇ ಅರ್ಥದಲ್ಲಿ ಆ ಪದ ಬಳಸಿದ್ದೇನೆ.

ಇದು ಯಾಕೆ ಮುಖ್ಯ?

ನನ್ನ ಮಾಮೂ, ಅಂದರೆ ಅಮ್ಮಿಯ ತಮ್ಮ, ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಬಳಸುತ್ತಾರೆ. ಕಾಯಿಲೆಯಿಂದ ಅವರ ದೃಷ್ಟಿ ಪೂರ್ತಿ ಹೋಗಿದೆ. ಆದರೂ ಇಮೇಲ್ ಬರೆಯುತ್ತಾರೆ, ಸುದ್ದಿ ಓದುತ್ತಾರೆ, ಮನೆಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಾರೆ. ಯಾವುದಾದರೂ ಕಚೇರಿಯಿಂದ ಫಾರ್ಮ್ ಬಂದರೆ ಮಾತ್ರ ಅದನ್ನು ಪ್ರಿಂಟ್ ತೆಗೆಸಲು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲೇ ಇನ್ನೊಬ್ಬರಿಂದ ಬರೆಸಬೇಕು. "ನನ್ನ ಅಕೌಂಟ್ ನಂಬರು ನನಗಿಂತ ಆ ಅಂಗಡಿ ಹುಡುಗನಿಗೇ ಚೆನ್ನಾಗಿ ಬಾಯಿಪಾಠ ಆಗಿದೆ ಬೇಟಾ" ಅನ್ನುತ್ತಾರೆ. ಅವರು ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ಫಾರ್ಮ್ ಏನೇನು ಕೇಳುತ್ತದೆ ಎಂದು ನೋಡಿ. ಮನೆಯ ಆದಾಯ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ, ಇರುವ ಸಾಲ, ಇರುವ ಕಾಯಿಲೆ. ಇವನ್ನು ನಾವು ಪಕ್ಕದ ಬೆಂಚಿನವರಿಗೂ ಹೇಳುವುದಿಲ್ಲ. ಕಣ್ಣು ಕಾಣದವರು ಇವನ್ನೇ ಅಂಗಡಿಯ ಕೌಂಟರಿನಲ್ಲಿ, ಹಿಂದೆ ನಾಲ್ಕು ಜನ ನಿಂತಿರುವಾಗ, ಬಾಯಿಬಿಟ್ಟು ಹೇಳಬೇಕಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಬರೆದವರು ಸರಿಯಾಗಿ ಬರೆದರೋ ಇಲ್ಲವೋ ಎಂದು ನೋಡುವ ದಾರಿ ಇವರಿಗಿಲ್ಲ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ನಮಗೆಲ್ಲ ಹೇಳಿಕೊಡುತ್ತಾರೆ. ಇವರು ಮಾತ್ರ ಓದದೇ ಸಹಿ ಹಾಕಬೇಕು.

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ನೌಕರರನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡುವುದು. ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಅದನ್ನು ಕೊಟ್ಟವರಿಗೆ ಹಾಗೆಯೇ ಒಪ್ಪಿಸುವವರೆಗೆ ಅದರ ಹೊಣೆ ನಮ್ಮದು. ಒಬ್ಬರು ಫಾರ್ಮಿನಲ್ಲಿ ತುಂಬುವ ಮಾಹಿತಿಯೂ ಅಂಥದ್ದೇ. ಕೊಡುವವರಿಂದ ಕಚೇರಿಗೆ ನೇರವಾಗಿ ಹೋಗಬೇಕಾದದ್ದು ಮೂರನೆಯವರ ಕೈಯಲ್ಲಿ ಹಾದುಹೋಗುವಂತೆ ಮಾಡುವುದು, ಹೆಚ್ಚಿನ ಸಲ, ಫಾರ್ಮ್ ಟೈಪ್ ಮಾಡಿದವರ ಕ್ರಮ.

ಇಂಥವರು ಎಷ್ಟು ಜನ ಎಂದು ಕೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ ದೃಷ್ಟಿ ದೋಷವಿದ್ದವರೇ 50 ಲಕ್ಷಕ್ಕೂ ಹೆಚ್ಚು.

ಸ್ಕ್ರೀನ್ ರೀಡರ್ ಎಂದರೇನು?

ಪರದೆಯ ಮೇಲಿರುವುದನ್ನು ಧ್ವನಿಯಲ್ಲಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ವಿಂಡೋಸ್ ಜೊತೆಗೇ ಬರುವುದು ನರೇಟರ್. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಕಚೇರಿಗಳಲ್ಲಿ ಹಣ ಕೊಟ್ಟು ಕೊಳ್ಳುವ ಜಾಸ್ ಬಳಸುವವರಿದ್ದಾರೆ. ಉಚಿತವಾಗಿ ಸಿಗುವುದು ಎನ್‌ವಿಡಿಎ. ಇದನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಅವರ ಜೊತೆ ಸೇರಿ ಅದನ್ನು ಬೆಳೆಸಿದವರು ಜೇಮ್ಸ್ ಟೆ. ಇಬ್ಬರೂ ಅಂಧರು. ಎನ್‌ವಿಡಿಎಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಯಾವ ವಿಂಡೋಸ್ ಕಂಪ್ಯೂಟರಿನಲ್ಲಿ ಬೇಕಾದರೂ ಓಡಿಸಬಹುದು. ಅದರ ಜೊತೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಉರ್ದುವನ್ನೂ ಓದುತ್ತದೆ. ಧ್ವನಿ ಯಂತ್ರದಂತೆ ಇರುತ್ತದೆ, ಎರಡು ದಿನದಲ್ಲಿ ಕಿವಿಗೆ ರೂಢಿಯಾಗುತ್ತದೆ.

ಇದನ್ನು ಬಳಸುವವರು ಮೌಸ್ ಮುಟ್ಟುವುದಿಲ್ಲ. ಎಲ್ಲ ಕೆಲಸ ಕೀಬೋರ್ಡಿನಲ್ಲೇ. ನಾವು ಫಾರ್ಮ್ ತೆರೆದರೆ ಇಡೀ ಪುಟ ಒಟ್ಟಿಗೆ ಕಾಣುತ್ತದೆ. ಅವರಿಗೆ ಒಂದು ಸಲಕ್ಕೆ ಒಂದೇ ತುಣುಕು ಕೇಳಿಸುತ್ತದೆ. ಕರ್ಸರ್ ಎಲ್ಲಿದೆಯೋ ಅಷ್ಟೇ ಅವರ ಪುಟ. ಈ ಒಂದು ಮಾತು ನೆನಪಿದ್ದರೆ ಮುಂದಿನ ಎಲ್ಲ ಹಂತಗಳ ಕಾರಣ ತಾನಾಗಿ ಅರ್ಥವಾಗುತ್ತದೆ.

ಒಂದು ಪ್ರಯೋಗ

ಶುಲ್ಕ ರಿಯಾಯಿತಿ ಅರ್ಜಿಯ ಒಂದು ಮಾದರಿ ಮಾಡಿಕೊಂಡೆ. ಒಟ್ಟು 14 ಕಾಲಂ. ಅದನ್ನು ಮೂರು ರೀತಿಯಲ್ಲಿ ಟೈಪ್ ಮಾಡಿ, ಒಂದೊಂದನ್ನೂ ಮಾಮೂ ಎನ್‌ವಿಡಿಎ ಹಾಕಿಕೊಂಡು ಕೇಳಿದರು.

ಮೊದಲನೆಯದು ಎಲ್ಲರೂ ಮಾಡುವಂಥದ್ದು, ಅಡಿಗೆರೆ ಎಳೆದ ಫಾರ್ಮ್. ಪೂರ್ತಿ ಓದಿಸಿದಾಗ "ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ವಾರ್ಷಿಕ ಆದಾಯ" ಎಂದು ಒಂದೇ ಉಸಿರಿನಲ್ಲಿ ಹೋಯಿತು. ಗೆರೆ ಇರುವುದೇ ಗೊತ್ತಾಗಲಿಲ್ಲ. ಅಕ್ಷರ ಅಕ್ಷರವಾಗಿ ಹೋದಾಗ "ಲೈನ್, ಲೈನ್, ಲೈನ್" ಎಂದು ಸಾಲು ಮುಗಿಯುವವರೆಗೆ ಹೇಳಿತು. ಮಧ್ಯೆ ನಿಂತು ಟೈಪ್ ಮಾಡಿದರೆ ಗೆರೆ ಮುಂದಕ್ಕೆ ಸರಿದು ಕೆಳಗಿನ ಸಾಲಿಗೆ ಇಳಿಯಿತು. ತುಂಬಿದ ಮೇಲೆ ಆ ಪುಟ ಹೇಗೆ ಕಾಣುತ್ತಿದೆ ಎಂದು ತುಂಬಿದವರಿಗೆ ತಿಳಿಯುವಂತಿಲ್ಲ.

ಎರಡನೆಯದರಲ್ಲಿ ವರ್ಡ್‌ನ ಕಂಟ್ರೋಲ್‌ಗಳನ್ನು ಸುಮ್ಮನೆ ಸೇರಿಸಿ, ಹೆಸರು ಕೊಡದೆ ಬಿಟ್ಟಿದ್ದೆ. ಈಗ ಟೈಪ್ ಮಾಡಲು ಜಾಗ ಸಿಕ್ಕಿತು. ಆದರೆ ಪ್ರತಿ ಕಾಲಂಗೆ ಬಂದಾಗಲೂ "ಕ್ಲಿಕ್ ಆರ್ ಟ್ಯಾಪ್ ಹಿಯರ್ ಟು ಎಂಟರ್ ಟೆಕ್ಸ್ಟ್" ಎಂಬ ಒಂದೇ ವಾಕ್ಯ. ವರ್ಡ್ ತಾನಾಗಿ ಹಾಕುವ ವಾಕ್ಯ ಅದು. ಯಾವುದರಲ್ಲಿ ಹೆಸರು, ಯಾವುದರಲ್ಲಿ ಆದಾಯ? "ಹದಿನಾಲ್ಕು ಬಾಗಿಲು, ಒಂದರ ಮೇಲೂ ಬೋರ್ಡ್ ಇಲ್ಲ" ಅಂದರು ಮಾಮೂ.

ಮೂರನೆಯದರಲ್ಲಿ ಪ್ರತಿ ಕಾಲಂಗೂ ಹೆಸರು ಕೊಟ್ಟಿದ್ದೆ. ಅದನ್ನು ತುಂಬಿ ಉಳಿಸಿ, ಇಮೇಲ್‌ಗೆ ಲಗತ್ತಿಸಿ ನನಗೆ ಕಳಿಸಿದರು. ಆಗ ಯಾರೂ ಪಕ್ಕದಲ್ಲಿ ಕುಳಿತಿರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಇದ್ದ ವ್ಯತ್ಯಾಸ ನನ್ನ ಕಡೆಯಿಂದ ಸುಮಾರು 20 ನಿಮಿಷದ ಕೆಲಸ.

ಮೂಲ ಸೂತ್ರ

ಅಕೌಂಟೆನ್ಸಿಯಲ್ಲಿ ಒಂದು ಮೊತ್ತ ಬರೆದು ಯಾವ ಖಾತೆ ಎಂದು ಬರೆಯದಿದ್ದರೆ ಆ ಮೊತ್ತಕ್ಕೆ ಅರ್ಥವಿಲ್ಲ. 5,000 ಎಂದಷ್ಟೇ ಇದ್ದರೆ ಅದು ಬಾಡಿಗೆಯೋ ಸಂಬಳವೋ ತಿಳಿಯುವುದಿಲ್ಲ. ಫಾರ್ಮ್ ಕಾಲಂ ಕೂಡ ಹಾಗೆಯೇ. ಕಣ್ಣಿರುವವರಿಗೆ ಪಕ್ಕದಲ್ಲಿರುವ 'ತಂದೆಯ ಹೆಸರು' ಎಂಬ ಬರಹ ಆ ಕಾಲಂನ ತಲೆಬರಹವಾಗುತ್ತದೆ. ಆದರೆ 'ಪಕ್ಕದಲ್ಲಿ' ಎಂಬುದು ಕಣ್ಣಿನ ಲೆಕ್ಕ. ಕಂಪ್ಯೂಟರಿಗೆ ಆ ಬರಹಕ್ಕೂ ಈ ಕಾಲಂಗೂ ಸಂಬಂಧವಿಲ್ಲ, ನಾವು ಕಟ್ಟಿಕೊಟ್ಟರೆ ಮಾತ್ರ ಸಂಬಂಧ.

ಆದ್ದರಿಂದ ಸೂತ್ರ ಇಷ್ಟೇ: ಪ್ರತಿ ಕಾಲಂ ತನ್ನ ಪ್ರಶ್ನೆಯನ್ನು ತನ್ನೊಳಗೇ ಇಟ್ಟುಕೊಂಡಿರಬೇಕು.

ಮಾಡುವ ಕ್ರಮ

ಇಲ್ಲಿ ಹೇಳಿರುವುದು ವಿಂಡೋಸ್ ಕಂಪ್ಯೂಟರಿನ ವರ್ಡ್ 2016 ಮತ್ತು ನಂತರದ ಆವೃತ್ತಿಗಳಿಗೆ. ಫೋನಿನ ವರ್ಡ್‌ನಲ್ಲಿ ಈ ಸೌಲಭ್ಯ ಇಲ್ಲ.

ಹಂತ 1. ಡೆವಲಪರ್ ಟ್ಯಾಬ್ ತೆರೆಯುವುದು. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಈ ಕ್ರಮದಲ್ಲಿ ಹೋಗಿ. ಬಲಗಡೆಯ ಪಟ್ಟಿಯಲ್ಲಿ ಡೆವಲಪರ್ ಎಂಬುದರ ಮುಂದೆ ಗುರುತು ಹಾಕಿ ಓಕೆ ಕೊಡಿ. ಮೇಲೆ ಹೊಸ ಟ್ಯಾಬ್ ಬರುತ್ತದೆ. ಒಮ್ಮೆ ಮಾಡಿದರೆ ಸಾಕು.

ಹಂತ 2. ಮೊದಲು ಬರಹವನ್ನು ಪೂರ್ತಿ ಟೈಪ್ ಮಾಡುವುದು. ಫಾರ್ಮಿನ ಹೆಸರನ್ನು ದಪ್ಪ ಅಕ್ಷರ ಮಾಡಿ ಬಿಡಬೇಡಿ. ಅದಕ್ಕೆ ಹೆಡಿಂಗ್ 1 ಎಂಬ ಸ್ಟೈಲ್ ಕೊಡಿ. 'ವಿದ್ಯಾರ್ಥಿಯ ವಿವರ', 'ಕುಟುಂಬದ ಆದಾಯ', 'ಬ್ಯಾಂಕ್ ವಿವರ' ಎಂಬ ಭಾಗಗಳಿಗೆ ಹೆಡಿಂಗ್ 2. ಸ್ಕ್ರೀನ್ ರೀಡರ್ ಬಳಸುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಲ್ಲರು. ದಪ್ಪ ಅಕ್ಷರ ಕಣ್ಣಿಗೆ ಶೀರ್ಷಿಕೆ, ಕಿವಿಗೆ ಮಾಮೂಲಿ ಸಾಲು. ಸೂಚನೆಗಳೆಲ್ಲ ಕಾಲಂಗಳಿಗಿಂತ ಮೊದಲೇ ಬರಲಿ. 'ಆದಾಯ ಪ್ರಮಾಣಪತ್ರ ಲಗತ್ತಿಸಿ' ಎಂಬ ಸೂಚನೆ ಕೊನೆಯ ಪುಟದ ಅಡಿಯಲ್ಲಿದ್ದರೆ ಎಲ್ಲ ತುಂಬಿದ ಮೇಲೆ ಅದು ಕೇಳಿಸುತ್ತದೆ. ಹೆಡರ್ ಫೂಟರ್ ಒಳಗಿನ ಬರಹವನ್ನು ಸ್ಕ್ರೀನ್ ರೀಡರ್ ತಾನಾಗಿ ಓದುವುದಿಲ್ಲ. ಕೊನೆಯ ದಿನಾಂಕವನ್ನು ಅಲ್ಲಿ ಹಾಕಬೇಡಿ.

ಹಂತ 3. ಕಾಲಂ ಸೇರಿಸುವುದು. ಗೆರೆಗಳ ಬದಲು ಡೆವಲಪರ್ ಟ್ಯಾಬಿನ ಕಂಟ್ರೋಲ್ಸ್ ಗುಂಪಿನಿಂದ ಆರಿಸಿ. ಹೆಸರು, ವಿಳಾಸಕ್ಕೆ ಪ್ಲೇನ್ ಟೆಕ್ಸ್ಟ್. ಹಲವು ಉತ್ತರಗಳಲ್ಲಿ ಒಂದೇ ಆರಿಸಬೇಕಾದಲ್ಲಿ, ಅಂದರೆ ವಿಭಾಗ, ವರ್ಷ, ಹೌದು ಅಥವಾ ಇಲ್ಲ ಎನ್ನುವಲ್ಲಿ, ಡ್ರಾಪ್‌ಡೌನ್. ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದಾದಲ್ಲಿ ಚೆಕ್‌ಬಾಕ್ಸ್. ಹೌದು, ಇಲ್ಲ ಎಂದು ಎರಡು ಚೆಕ್‌ಬಾಕ್ಸ್ ಇಟ್ಟರೆ ಎರಡಕ್ಕೂ ಗುರುತು ಬೀಳಬಹುದು, ವರ್ಡ್ ತಡೆಯುವುದಿಲ್ಲ. ಡ್ರಾಪ್‌ಡೌನ್ ಅನ್ನು ಕೀಬೋರ್ಡಿನಲ್ಲಿ ಆಲ್ಟ್ ಮತ್ತು ಕೆಳಬಾಣ ಒತ್ತಿ ತೆರೆಯಬಹುದು, ಚೆಕ್‌ಬಾಕ್ಸ್‌ಗೆ ಸ್ಪೇಸ್ ಒತ್ತಿದರೆ ಸಾಕು. ಶೇಪ್ಸ್‌ನಿಂದ ಎಳೆದ ಚೌಕ ಮಾತ್ರ ಬೇಡ. ಅದು ಚಿತ್ರ, ಗುರುತು ಹಾಕುವ ಜಾಗ ಅಲ್ಲ.

ಹಂತ 4. ಹೆಸರು ಕೊಡುವುದು. ಇದೇ ಪಾಠದ ಹೃದಯ. ಕಾಲಂ ಮೇಲೆ ಕರ್ಸರ್ ಇಟ್ಟು ಪ್ರಾಪರ್ಟೀಸ್ ಒತ್ತಿ. ಟೈಟಲ್ ಎಂಬಲ್ಲಿ ಪೂರ್ತಿ ಪ್ರಶ್ನೆಯನ್ನು ಚಿಕ್ಕದಾಗಿ ಬರೆಯಿರಿ. 'ಹೆಸರು' ಎಂದಷ್ಟೇ ಬರೆದರೆ ಯಾರ ಹೆಸರು ಎಂದು ತಿಳಿಯದು. 'ವಿದ್ಯಾರ್ಥಿಯ ಹೆಸರು, ಕಡ್ಡಾಯ' ಎಂದಿರಲಿ. 'ಆದಾಯ' ಬದಲು 'ಕುಟುಂಬದ ವಾರ್ಷಿಕ ಆದಾಯ, ರೂಪಾಯಿಗಳಲ್ಲಿ'. ದಿನಾಂಕಕ್ಕೆ 'ಹುಟ್ಟಿದ ದಿನ, ದಿನ ತಿಂಗಳು ವರ್ಷ ಈ ಕ್ರಮದಲ್ಲಿ'. ಅದೇ ಕಿಟಕಿಯಲ್ಲಿ, ಕಂಟ್ರೋಲ್ ಅಳಿಸದಂತೆ ತಡೆಯುವ ಗುರುತೂ ಇದೆ. ಅದನ್ನೂ ಹಾಕಿಬಿಡಿ, ಬ್ಯಾಕ್‌ಸ್ಪೇಸ್ ಒತ್ತುವಾಗ ಕಾಲಂ ಹಾರಿಹೋಗುವುದಿಲ್ಲ.

ಹಂತ 5. ಒಳಗಿನ ವಾಕ್ಯ ಬದಲಿಸುವುದು. ಡಿಸೈನ್ ಮೋಡ್ ಒತ್ತಿ, 'ಕ್ಲಿಕ್ ಆರ್ ಟ್ಯಾಪ್' ವಾಕ್ಯವನ್ನು ಅಳಿಸಿ, ಅಲ್ಲಿ 'ತಂದೆಯ ಹೆಸರು ಇಲ್ಲಿ ಬರೆಯಿರಿ' ಎಂದು ಬರೆಯಿರಿ. ಮುಗಿದ ಮೇಲೆ ಡಿಸೈನ್ ಮೋಡ್‌ನಿಂದ ಹೊರಬನ್ನಿ. ಟೈಟಲ್ ಇದ್ದ ಮೇಲೆ ಇದು ಯಾಕೆ ಎಂದರೆ, ಸ್ಕ್ರೀನ್ ರೀಡರ್ ಮತ್ತು ವರ್ಡ್‌ನ ಆವೃತ್ತಿ ಬದಲಾದಂತೆ ಕಾಲಂ ಬಗ್ಗೆ ಹೇಳುವ ರೀತಿಯೂ ಬದಲಾಗುತ್ತದೆ. ಎರಡೂ ಕಡೆ ಹೆಸರಿದ್ದರೆ ಒಂದಲ್ಲ ಒಂದು ಕೇಳಿಸುತ್ತದೆ. ಇದನ್ನಷ್ಟೇ ಮಾಡಿ ಟೈಟಲ್ ಬಿಡಬಾರದು. ಟೈಪ್ ಮಾಡಿದ ಕೂಡಲೇ ಒಳಗಿನ ವಾಕ್ಯ ಮಾಯವಾಗುತ್ತದೆ. ತುಂಬಿದ್ದನ್ನು ಮತ್ತೆ ಸರಿನೋಡುವಾಗ ಹೆಸರು ಹೇಳಲು ಉಳಿಯುವುದು ಟೈಟಲ್ ಮಾತ್ರ.

ಹಂತ 6. ಬರಹಕ್ಕೆ ಬೀಗ ಹಾಕುವುದು. ಫಾರ್ಮಿನ ಪ್ರಶ್ನೆಗಳನ್ನು ಯಾರೂ ಅಳಿಸಬಾರದು ಎಂಬುದು ಸರಿ. ಇದಕ್ಕೆ ಎಲ್ಲರೂ ಬಳಸುವುದು ರೆಸ್ಟ್ರಿಕ್ಟ್ ಎಡಿಟಿಂಗ್, ಅದರಲ್ಲಿ ಫಿಲ್ಲಿಂಗ್ ಇನ್ ಫಾರ್ಮ್ಸ್. ಇಲ್ಲೊಂದು ತೊಡಕಿದೆ. ಈ ಬೀಗ ಹಾಕಿದರೆ ಕರ್ಸರ್ ಕಾಲಂನಿಂದ ಕಾಲಂಗೆ ಮಾತ್ರ ಹಾರುತ್ತದೆ, ಮಧ್ಯದ ಬರಹದ ಮೇಲೆ ನಿಲ್ಲುವುದಿಲ್ಲ. ಕಣ್ಣಿರುವವರು ಅದನ್ನು ಓದಿಕೊಳ್ಳುತ್ತಾರೆ. ಕರ್ಸರ್ ಹೋಗದ ಕಡೆ ಸ್ಕ್ರೀನ್ ರೀಡರ್ ಬಳಸುವವರಿಗೆ ಏನೂ ಇಲ್ಲ. 'ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕೃತ' ಎಂಬ ಎಚ್ಚರಿಕೆ ಅವರ ಪಾಲಿಗೆ ಬರೆದೇ ಇಲ್ಲ.

ಇದಕ್ಕೆ ಎರಡು ಪರಿಹಾರ ಇವೆ. ಒಂದು, ಆ ಬೀಗದ ಬದಲು ಇಡೀ ಫಾರ್ಮ್ ಆಯ್ಕೆ ಮಾಡಿ ಡೆವಲಪರ್ ಟ್ಯಾಬಿನಲ್ಲೇ ಇರುವ ಗ್ರೂಪ್ ಒತ್ತುವುದು. ಆಗ ಬರಹವನ್ನು ಬದಲಿಸಲು ಆಗುವುದಿಲ್ಲ, ಬಾಣದ ಕೀಲಿಯಿಂದ ಸಾಲು ಸಾಲಾಗಿ ಓದಲು ಆಗುತ್ತದೆ. ಎರಡು, ಬೀಗ ಬೇಕೇ ಬೇಕು ಎಂದರೆ ಸೂಚನೆಗಳ ನಂತರ ಕಂಟಿನ್ಯೂಯಸ್ ಸೆಕ್ಷನ್ ಬ್ರೇಕ್ ಹಾಕಿ, ಸೆಲೆಕ್ಟ್ ಸೆಕ್ಷನ್ಸ್‌ನಲ್ಲಿ ಕಾಲಂ ಇರುವ ಭಾಗಕ್ಕೆ ಮಾತ್ರ ಬೀಗ ಹಾಕುವುದು.

ಹಂತ 7. ಹಳೆಯ ಫಾರ್ಮ್ ಇದ್ದರೆ. ಕಚೇರಿಗಳಲ್ಲಿ ಲೆಗಸಿ ಟೂಲ್ಸ್‌ನಿಂದ ಮಾಡಿದ, ಬೂದು ಬಣ್ಣದ ಕಾಲಂ ಇರುವ ಫಾರ್ಮ್‌ಗಳು ಇನ್ನೂ ಇವೆ. ಅವನ್ನು ಎಸೆಯಬೇಕಾಗಿಲ್ಲ. ಕಾಲಂ ಮೇಲೆ ಎರಡು ಸಲ ಕ್ಲಿಕ್ ಮಾಡಿ ಆ್ಯಡ್ ಹೆಲ್ಪ್ ಟೆಕ್ಸ್ಟ್ ಒತ್ತಿ, ಸ್ಟೇಟಸ್ ಬಾರ್ ಎಂಬಲ್ಲಿ ಪ್ರಶ್ನೆಯನ್ನು ಬರೆಯಿರಿ. 138 ಅಕ್ಷರದವರೆಗೆ ಹಿಡಿಸುತ್ತದೆ. ಉದ್ದದ ವಿವರಣೆಗೆ ಪಕ್ಕದಲ್ಲೇ ಎಫ್1 ಕೀಲಿಯ ಭಾಗವಿದೆ, ಅಲ್ಲಿ 255 ಅಕ್ಷರ. ಇಂಥ ಕಾಲಂಗಳು ಮೇಲೆ ಹೇಳಿದ ಬೀಗ ಹಾಕಿದ ಮೇಲೆಯೇ ಕೆಲಸ ಮಾಡುವುದರಿಂದ ಇಲ್ಲಿ ಎರಡನೆಯ ಪರಿಹಾರವೇ ಸರಿ.

ಬ್ಯಾಂಕ್ ಫಾರ್ಮಿನ ಚೌಕಗಳು

ಅಕ್ಷರಕ್ಕೊಂದು ಚೌಕ ಇರುವ ನಮೂನೆ ನಮಗೆಲ್ಲ ಗೊತ್ತು. ಪ್ಯಾನ್‌ಗೆ 10 ಚೌಕ, ಐಎಫ್‌ಎಸ್‌ಸಿಗೆ 11, ಆಧಾರ್‌ಗೆ 12. ಪೆನ್ನಿನಲ್ಲಿ ಬರೆಯುವಾಗ ಅಕ್ಷರ ಬಿಡಿಬಿಡಿಯಾಗಿ ಇರಲಿ ಎಂದು ಮಾಡಿದ ವ್ಯವಸ್ಥೆ ಅದು. ವರ್ಡ್‌ನಲ್ಲಿ ಅದನ್ನೇ ಟೇಬಲ್ ಹಾಕಿ ಮಾಡಿದರೆ ಸ್ಕ್ರೀನ್ ರೀಡರ್ ಬಳಸುವವರು 12 ಮನೆಗಳಲ್ಲಿ ಒಂದೊಂದೇ ಅಂಕಿ ತುಂಬುತ್ತಾ, ಪ್ರತಿ ಮನೆಗೂ ಅದರ ಸಂಖ್ಯೆ ಕೇಳುತ್ತಾ ಹೋಗಬೇಕು. ಮಧ್ಯೆ ಒಂದು ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವುದು ದೊಡ್ಡ ಕೆಲಸ. ಒಂದೇ ಕಾಲಂ ಇಟ್ಟು 'ಐಎಫ್‌ಎಸ್‌ಸಿ, 11 ಅಕ್ಷರ, ಮಧ್ಯೆ ಜಾಗ ಬಿಡಬೇಡಿ' ಎಂದು ಹೆಸರು ಕೊಡಿ. ಲೆಗಸಿ ಕಾಲಂ ಆದರೆ ಮ್ಯಾಕ್ಸಿಮಮ್ ಲೆಂಗ್ತ್ ಎಂಬಲ್ಲಿ 11 ಎಂದು ಕೊಟ್ಟರೆ ಹನ್ನೆರಡನೆಯ ಅಕ್ಷರ ಹೋಗುವುದೇ ಇಲ್ಲ.

ಟೇಬಲ್ ಹಾಕಲೇಬೇಕೆಂದರೆ ಸರಳವಾಗಿರಲಿ. ಎಡಗಡೆ ಪ್ರಶ್ನೆ, ಬಲಗಡೆ ಕಾಲಂ. ಸ್ಕ್ರೀನ್ ರೀಡರ್ ಟೇಬಲನ್ನು ಒಂದೊಂದೇ ಅಡ್ಡಸಾಲಾಗಿ ಓದುತ್ತದೆ. ಮನೆಗಳನ್ನು ಕೂಡಿಸುವುದು, ಟೇಬಲ್ ಒಳಗೆ ಟೇಬಲ್ ಇಡುವುದು ಇವು ಆ ಕ್ರಮವನ್ನು ಕೆಡಿಸುತ್ತವೆ. ಪುಟದಲ್ಲಿ ತೇಲುವ ಟೆಕ್ಸ್ಟ್ ಬಾಕ್ಸ್ ಕೂಡ ಬೇಡ. ಕಾಲೇಜಿನ ಲಾಂಛನದ ಮೇಲೆ ಬಲ ಕ್ಲಿಕ್ ಮಾಡಿ ಆಲ್ಟ್ ಟೆಕ್ಸ್ಟ್ ಬರೆಯಿರಿ. 'ಕಾಲೇಜಿನ ಲಾಂಛನ' ಎಂಬಷ್ಟು ಸಾಕು. ಕಡ್ಡಾಯ ಕಾಲಂ ಎಂದು ತೋರಿಸಲು ಕೆಂಪು ಬಣ್ಣವನ್ನಷ್ಟೇ ನಂಬಬೇಡಿ, 'ಕಡ್ಡಾಯ' ಎಂಬ ಪದವನ್ನೇ ಬರೆಯಿರಿ.

ಕನ್ನಡ ಮತ್ತು ಉರ್ದು ಅಕ್ಷರಗಳ ವಿಷಯ

ಮೇಲಿನದೆಲ್ಲ ಸರಿಯಾಗಿ ಮಾಡಿಯೂ ಫಾರ್ಮ್ ಕೆಡುವುದು ಇಲ್ಲಿ. ಕನ್ನಡವನ್ನು ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ, ಯೂನಿಕೋಡ್ ಅಲ್ಲದ ಕ್ರಮದಲ್ಲಿ, ಟೈಪ್ ಮಾಡಿದರೆ ಕಣ್ಣಿಗೆ ಕಾಣುವುದು ಕನ್ನಡ, ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಸ್ಕ್ರೀನ್ ರೀಡರ್ ಫಾಂಟ್ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಪರೀಕ್ಷಿಸುವುದು ಸುಲಭ. ಒಂದು ಪದ ಆಯ್ಕೆ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಇಂಗ್ಲಿಷ್ ಅಕ್ಷರವಾದರೆ ಹಳೆಯ ಕ್ರಮ. ಹೊಸ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ. ಕೀಲಿಮಣೆ ಅದೇ ಇರುವುದರಿಂದ ಬೆರಳಿಗೆ ಹೊಸದೇನೂ ಕಲಿಸಬೇಕಾಗಿಲ್ಲ.

ಉರ್ದು ನೋಟಿಸುಗಳದ್ದೂ ಇದೇ ಕಥೆ. ಇನ್‌ಪೇಜ್‌ನಲ್ಲಿ ಅಂದವಾಗಿ ಮಾಡಿ, ಅದನ್ನು ಚಿತ್ರವಾಗಿ ತೆಗೆದು ವರ್ಡ್‌ನಲ್ಲಿ ಅಂಟಿಸುತ್ತಾರೆ. ಚಿತ್ರದಲ್ಲಿ ಓದಲು ಅಕ್ಷರವೇ ಇಲ್ಲ. ಯೂನಿಕೋಡ್ ಉರ್ದುವಿನಲ್ಲೇ ಟೈಪ್ ಮಾಡಿ, ಬರಹದ ದಿಕ್ಕನ್ನು ಬಲದಿಂದ ಎಡಕ್ಕೆ ಇಡಿ.

ಎರಡು ಮೂರು ಭಾಷೆ ಇರುವ ಫಾರ್ಮ್ ಆದರೆ ಆಯಾ ಭಾಗವನ್ನು ಆಯ್ಕೆ ಮಾಡಿ ರಿವ್ಯೂ ಟ್ಯಾಬಿನ ಲ್ಯಾಂಗ್ವೇಜ್‌ನಲ್ಲಿ ಅದರ ಭಾಷೆ ಯಾವುದೆಂದು ಹೇಳಿ. ಭಾಷೆಗೆ ತಕ್ಕಂತೆ ಧ್ವನಿ ಬದಲಿಸಲು ಸ್ಕ್ರೀನ್ ರೀಡರಿಗೆ ಈ ಗುರುತು ನೆರವಾಗುತ್ತದೆ.

ಕಳಿಸುವ ಮುನ್ನ ಪರೀಕ್ಷೆ

ರಿವ್ಯೂ ಟ್ಯಾಬಿನಲ್ಲಿ ಚೆಕ್ ಆ್ಯಕ್ಸೆಸಿಬಿಲಿಟಿ ಇದೆ. ಆಲ್ಟ್ ಟೆಕ್ಸ್ಟ್ ಇಲ್ಲದ ಚಿತ್ರ, ಕೂಡಿಸಿದ ಮನೆಗಳು ಇಂಥವನ್ನು ಅದು ತೋರಿಸುತ್ತದೆ. ಆದರೆ 'ತಂದೆಯ ಹೆಸರು' ಎಂಬ ಕಾಲಂಗೆ ನೀವು 'ಪಿನ್ ಕೋಡ್' ಎಂದು ಹೆಸರಿಟ್ಟಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಎಂದಾಗುವುದಿಲ್ಲವಲ್ಲ, ಹಾಗೆ.

ನಿಜವಾದ ಪರೀಕ್ಷೆ ಹೀಗೆ. ಎನ್‌ವಿಡಿಎ ಹಾಕಿ, ಫಾರ್ಮ್ ತೆರೆಯಿರಿ, ಮಾನಿಟರ್ ಆರಿಸಿ. ಮೌಸನ್ನು ಪಕ್ಕಕ್ಕಿಡಿ. ಈಗ ಮೊದಲಿನಿಂದ ಕೊನೆಯವರೆಗೆ ತುಂಬಿ. ಮಾತು ನಿಲ್ಲಿಸಲು ಕಂಟ್ರೋಲ್ ಕೀಲಿ ಒತ್ತಿ. ಧ್ವನಿ ಅರ್ಥವಾಗದಿದ್ದರೆ ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ, ಹೇಳಿದ್ದೆಲ್ಲ ಅಲ್ಲಿ ಬರಹವಾಗಿ ಕಾಣುತ್ತದೆ. ಅದನ್ನು ಆಮೇಲೆ ಮಾನಿಟರ್ ಹಾಕಿ ಓದಿ. ಯಾವ ಕಾಲಂನಲ್ಲಿ ನೀವು ಊಹೆ ಮಾಡಬೇಕಾಯಿತೋ ಅದನ್ನು ತಿದ್ದಿ. ಸಾಧ್ಯವಿದ್ದರೆ ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದ ತುಂಬಿಸಿ ನೋಡಿ. ನಮ್ಮ ಕಿವಿ ಹೊಸದು, ಅವರದು ಪಳಗಿದ್ದು.

ಕೊನೆಗೆ ಫೈಲನ್ನು ಡಾಕ್ಸ್ ರೂಪದಲ್ಲೇ ಕಳಿಸಿ. ವರ್ಡ್‌ನಿಂದ ಪಿಡಿಎಫ್ ಮಾಡಿದರೆ ನಾವು ಹಾಕಿದ ಕಾಲಂಗಳು ತುಂಬುವ ಕಾಲಂಗಳಾಗಿ ಉಳಿಯುವುದಿಲ್ಲ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಕಳಿಸಿದರಂತೂ ಅದು ಬರೀ ಫೋಟೋ, ಇಷ್ಟು ಹೊತ್ತು ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

ಕಾನೂನು ಏನು ಹೇಳುತ್ತದೆ?

ಇದು ದಯೆಯ ಪ್ರಶ್ನೆ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿರುವ ವಿಷಯ ಎಲ್ಲರೂ ಬಳಸಬಲ್ಲ ರೂಪದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು ಅದರ 42ನೇ ಕಲಂ ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೆವೈಸಿ ಕುರಿತ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಯಿಲ್ಲದವರು ಬ್ಯಾಂಕ್ ಮೊದಲಾದ ಕಡೆ ಡಿಜಿಟಲ್ ಕೆವೈಸಿ ಮುಗಿಸಲಾಗದೆ ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿ ಕೊಟ್ಟಿರುವ ಬದುಕುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿ 20 ನಿರ್ದೇಶನಗಳನ್ನು ನೀಡಿತು. ನಾವು ನಾಳೆ ಬ್ಯಾಂಕಿಗೋ ಆಡಿಟರ್ ಕಚೇರಿಗೋ ಸೇರುವವರು. ಈ ವಿಷಯ ನಮ್ಮ ಮೇಜಿನ ಮೇಲೆ ಬಂದೇ ಬರುತ್ತದೆ.

ಹೀಗೆ ಮಾಡಿದ ಫಾರ್ಮಿನಿಂದ ಕಚೇರಿಗೂ ಲಾಭವಿದೆ. ಡ್ರಾಪ್‌ಡೌನ್ ಇದ್ದರೆ ಒಬ್ಬರು 'ಕಾಮರ್ಸ್', ಇನ್ನೊಬ್ಬರು 'ವಾಣಿಜ್ಯ' ಎಂದು ಬರೆಯುವುದು ತಪ್ಪುತ್ತದೆ, ಲೆಕ್ಕ ಹಾಕುವುದು ಸುಲಭವಾಗುತ್ತದೆ. ಕೈ ನಡುಗುವವರಿಗೆ, ಮೌಸ್ ಹಿಡಿಯಲಾಗದವರಿಗೆ, ಅಕ್ಷರ ದೊಡ್ಡದು ಮಾಡಿ ಓದುವ ಹಿರಿಯರಿಗೆ ಇದೇ ಫಾರ್ಮ್ ಅನುಕೂಲ.

ಅಧ್ಯಾಪಕರಲ್ಲಿ ಮತ್ತು ಕಚೇರಿ ಸಿಬ್ಬಂದಿಯಲ್ಲಿ ಒಂದು ವಿನಂತಿ. ಕಾಲೇಜಿನ ಎಲ್ಲ ಫಾರ್ಮ್‌ಗಳನ್ನು ಒಂದೇ ಸಲ ಬದಲಿಸಬೇಕಾಗಿಲ್ಲ. ಹಣ ಮತ್ತು ಆರೋಗ್ಯದ ವಿವರ ಕೇಳುವ ಫಾರ್ಮ್‌ಗಳಿಂದ ಶುರುಮಾಡಬಹುದು, ಏಕೆಂದರೆ ಬೇರೆಯವರ ಮುಂದೆ ಹೇಳಲು ಕಷ್ಟವಾಗುವುದು ಅವೇ. ಟೈಪ್ ಮಾಡಿ, ಮಾನಿಟರ್ ಆರಿಸಿ ಪರೀಕ್ಷಿಸುವ ಕೆಲಸವನ್ನು ನಮ್ಮ ತರಗತಿಯವರು ಮಾಡಿಕೊಡಬಲ್ಲೆವು.

ಅಭ್ಯಾಸ

1. ಈ ವರ್ಷ ನೀವು ತುಂಬಿದ ಯಾವುದಾದರೂ ಒಂದು ಫಾರ್ಮ್ ತೆಗೆದುಕೊಳ್ಳಿ. ಅದರಲ್ಲಿ ಬೇರೆಯವರ ಮುಂದೆ ಜೋರಾಗಿ ಹೇಳಲು ನೀವು ಹಿಂಜರಿಯುವ ಕಾಲಂ ಎಷ್ಟಿವೆ, ಎಣಿಸಿ.

2. ಈ ಹೆಸರುಗಳನ್ನು ತಿದ್ದಿ ಬರೆಯಿರಿ: 'ಹೆಸರು', 'ದಿನಾಂಕ', 'ಸಂಖ್ಯೆ', 'ಮೇಲಿನಂತೆ'. ಪಕ್ಕದಲ್ಲಿ ಏನಿದೆ ಎಂದು ನೋಡದೆಯೇ ಅರ್ಥವಾಗಬೇಕು.

3. ಗ್ರಂಥಾಲಯ ಕಾರ್ಡಿನ ಅರ್ಜಿಯನ್ನು ಆರು ಕಾಲಂಗಳಲ್ಲಿ ವರ್ಡ್‌ನಲ್ಲಿ ಮಾಡಿ. ಪಕ್ಕದವರು ಮಾನಿಟರ್ ಆರಿಸಿ ಅದನ್ನು ತುಂಬಲಿ. ಅವರು ಎಲ್ಲಿ ನಿಂತರು, ಯಾಕೆ ನಿಂತರು ಎಂದು ಬರೆದಿಡಿ.

4. ಬೀಗ ಹಾಕಿದ ಫಾರ್ಮಿನಲ್ಲಿ ಸೂಚನೆಗಳು ಕೇಳಿಸದೇ ಹೋಗುವುದು ಯಾಕೆ? ಎರಡು ಪರಿಹಾರಗಳನ್ನು ನಿಮ್ಮ ಮಾತಿನಲ್ಲಿ ಹೇಳಿ.